ಚಾವಿ

ಬೆಟಗೇರಿ ಸಾಲಿಗೆ ಒಂದು ಪೆಟಗಿ ಬಂತು,
ನಿಂತ ಎದಿ ಮತ್ತ ಚಾಲೂ ಮಾಡೋದು.
"ಭಾಳ ತುಟ್ಟಿ," ಅಂದ್ರು ಹೆಡ್‌ಮಾಸ್ತರು,
ಕಪಾಟಿನ್ಯಾಗ ಇಟ್ಟು ಕೀಲಿ ಜಡಿದ್ರು.

ಗೊಂಬಿ ಮಲಗಿಸಿ ಕಲಿಸಿದ ದಿನ
ಎಲ್ಲಾರೂ ನಕ್ಕರು. ನಾನೂ.
ಅಡಿಗಿ ಫಕ್ಕೀರವ್ವ ನಗಲಿಲ್ಲ.
ಸೆರಗು ಸಿಗಿಸಿ, ಮೊಣಕಾಲೂರಿ,
ಹಿಟ್ಟು ನಾದೋ ಕೈಲೆ ಒತ್ತಿದಳು,
ಒಂದೂ ಎಣಿಕಿ ತಪ್ಪದಂಗ.

ಪೆಟಗಿ ಇಂಗ್ಲಿಷಿನ್ಯಾಗ ಮಾತಾಡಿತು.
ಏಳನೇತ್ತದ ರುಕಯ್ಯಾ ಬಿಡಿಸಿ ಹೇಳಿದಳು:
"ಯಾರೂ ಮುಟ್ಟಬ್ಯಾಡ್ರಿ, ದೂರ ಸರೀರಿ."

ಗೊಂಬಿ ಏಳಲಿಲ್ಲ. ಅದು ಗೊಂಬಿ.
ಆದ್ರೂ ಅದರ ಅಂಗಿ ಗುಂಡಿ ಹಾಕಿ
ಫಕ್ಕೀರವ್ವ ಕೇಳಿದಳು:
"ಕಪಾಟಿನ ಚಾವಿ ಯಾರ ಹಂತೇಕೈತ್ರಿ?"
ಸರ್ ಕಿಸೆ ತಡವಿದರು.
ಮನಿಯಾಗ ಉಳದಿತ್ತು.

ಈಗ ನೀರಿನ ಟಾಕಿ ಬಾಜೂಕ,
ಹುಡುಗರ ಕೈಗೆಟುಕೋ ಎತ್ತರದಾಗ,
ಒಂದು ಮೊಳಿ. ಪೆಟಗಿ.

ಸರ್ ಕಪಾಟಿಗೆ ಇನ್ನೂ ಕೀಲಿ ಹಾಕತಾರ,
ಒಳಗ ಬರೇ ಚಾಕ್‌ಪೀಸ.