ಒಂಬತ್ತರ ಬಸ್ಸು

ದಿನಾ ಒಂಬತ್ತಕ್ಕೆ ಸೊಲ್ಲಾಪುರ ಸ್ಟ್ಯಾಂಡಿಗೆ
ಅವ್ವನ ಡಬ್ಬಿ ಬರುತ್ತಿತ್ತು, ಅಕ್ಕಲಕೋಟೆಯ ಕೆಂಪು ಬಸ್ಸಿನಲ್ಲಿ,
ಡ್ರೈವರನ ಬೆನ್ನ ಹಿಂದೆ, ಮೂವತ್ತು ಡಬ್ಬಿಗಳ ನಡುವೆ.
ಮುಚ್ಚಳಕ್ಕೆ ಮೊಳೆಯಲ್ಲಿ ಕೆತ್ತಿದ ನನ್ನ ಹೆಸರು: ಗುರುಬಾಯಿ.
ಕೊನೆಯಕ್ಷರಕ್ಕೆ ಜಾಗ ಸಾಲದೆ ಅಪ್ಪ ಕೆಳಗೆ ಬಗ್ಗಿಸಿದ್ದ.

ಲಡಾಯಿ ಶುರುವಾಯಿತು. ಬಸ್ಸಿನ ಕಣ್ಣಿಗೆ ಅರ್ಧ ಕರಿ ಬಣ್ಣ.
ನಮ್ಮ ಕೋಣೆಯ ಬಲ್ಬಿಗೆ ಕಾರ್ಬನ್ ಕಾಗದದ ಕುಂಚಿಗೆ.
ಮಿಲ್ಲಿನ ಭೋಂಗಾ ಒಂದೇ ಉಸಿರಿಗೆ ಕೂಗಿದರೆ ಪಾಳಿ,
ತಡೆತಡೆದು ಕೂಗಿದರೆ ದೀಪ ಆರಿಸು.
ಮೊದಲ ವಾರ ಎರಡಕ್ಕೂ ಮಂಚದ ಕೆಳಗೆ ಕೂತೆ.

ಮನೆಯೊಡತಿ ಬಾಲಮಣಿ ನಕ್ಕಳು.
ಕತ್ತಲಲ್ಲೂ ಅವಳ ಬೆರಳು ನಿಲ್ಲುವುದಿಲ್ಲ:
ಎಲೆ, ತಂಬಾಕು, ಸುರುಳಿ, ದಾರ.
"ನಿಂದು ಓದಕ್ಕ ದೀಪ ಬೇಕು, ನಂದಕ್ಕ ಬ್ಯಾಡ."
ನಾನು ಬಾಲಮನೋವಿಜ್ಞಾನದ ನಾಲ್ಕನೇ ಪಾಠ ಒಪ್ಪಿಸುತ್ತಿದ್ದೆ,
ಅವಳು ತೆಲುಗಿನಲ್ಲಿ ಬೀಡಿ ಎಣಿಸುತ್ತಿದ್ದಳು;
ಒಬ್ಬರಿಗೆ ತಪ್ಪಿದರೆ ಇಬ್ಬರೂ ಮೊದಲಿನಿಂದ.

ರೇವಣಸಿದ್ಧನ ಡಬ್ಬಿ ನನ್ನದಕ್ಕಿಂತ ದೊಡ್ಡದು.
ನಾಗಣಸೂರಿನವನು, ನಮ್ಮ ವರ್ಗವೇ, ಮಾತು ಕಡಿಮೆ.
ಊರಿಗೆ ತಾರು ಬೇಗ ಮುಟ್ಟುವುದಿಲ್ಲವೆಂದು
ಪಲ್ಟನ್ನಿನಲ್ಲಿದ್ದ ಅಣ್ಣ ಇವನ ಹಾಸ್ಟೆಲಿನ ವಿಳಾಸ ಕೊಟ್ಟಿದ್ದ.

ಎಳ್ಳಮಾಸಿಯ ಹಿಂದಿನ ದಿನ, ನಸುಕಿಗೇ ತಾರು.
ಏಳೂವರೆಯ ಬಸ್ಸಿಗೆ ಅವನು ಊರ ದಾರಿ ಹಿಡಿದ.
ಒಂಬತ್ತರ ಬಸ್ಸು ಅವನ ಡಬ್ಬಿ ತಂತು.
ಎಲ್ಲೋ ವಳಸಂಗದ ಹತ್ತಿರ ಎರಡೂ ಬಸ್ಸು
ಹಾರ್ನ್ ಹೊಡೆದು ದಾರಿ ಬಿಟ್ಟುಕೊಟ್ಟಿರಬೇಕು.

"ಇದನ್ನ ಯಾರಿಗಿ ಕೊಡ್ಲೆವ್ವಾ?" ಕಂಡಕ್ಟರ್ ಚಾಂದಸಾಬ ಕೇಳಿದ.
ತಳ ಇನ್ನೂ ಬೆಚ್ಚಗಿತ್ತು.
ಬಟ್ಟೆಯ ಗಂಟಿನಲ್ಲಿ ಯಾರಿಂದಲೋ ಬರೆಸಿದ ಚೀಟಿ:
ಸಜ್ಜಿ ರೊಟ್ಟಿ ಎಂಟ ದಿನ ಕೆಡಾಂಗಿಲ್ಲ.
ನಾಕ ನೀ ಇಟಗೊ. ಉಳದದ್ದ ಅಣ್ಣಗ ಪಾರ್ಸಲ್ ಮಾಡು.

ಬಾಲಮಣಿಯ ಗೂಡಿನಲ್ಲಿಟ್ಟೆ. ಇಬ್ಬರೂ ತೆರೆಯಲಿಲ್ಲ.
ಮರುದಿನ, ಲಡಾಯಿ ಮುಗಿಯಿತು ಎಂದು ರೇಡಿಯೊ.
ಓಣಿಯ ಹುಡುಗರು ಕಿಟಕಿಯ ಕಾಗದ ಹರಿದು ಹಾರಿಸಿದರು,
ಅಮಾಸಿಯ ರಾತ್ರಿ ಮನೆಮನೆಗೂ ಬೆಳಕು.
ನಾನೂ ಬಲ್ಬಿನ ಕುಂಚಿಗೆ ಬಿಚ್ಚಿದೆ. ಮೊದಲು ಕಂಡದ್ದು
ಡಬ್ಬಿಯ ಮೇಲಿನ ಹೆಸರು. ರೇವಣಸಿದ್ಧನದಲ್ಲ.
ಮಲಕಾರಿ, ಅಂತ. ಅಣ್ಣ ಓದುವಾಗಿನ ಡಬ್ಬಿ.

ಖಾಲಿ ಡಬ್ಬಿ ತಿರುಗಿ ಕಳಿಸಬಾರದು ಅನ್ನುತ್ತಾಳೆ ಅವ್ವ,
ಚೂರು ಬೆಲ್ಲವಾದರೂ ಇರಬೇಕು.
ಬೆಲ್ಲ ಹೇಗಿಡಲಿ?

ಬಾಲಮಣಿ ಬೀಡಿಯ ಮೊರ ಬದಿಗಿಟ್ಟು ಒಲೆ ಹೊತ್ತಿಸಿದಳು.
ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಹೊರಗಿನ ಬುತ್ತಿಯೇ ಊಟ.
ನನಗೆ ರೊಟ್ಟಿ ಬಡಿಯಲು ಬಾರದು;
ದಿನಾ ಡಬ್ಬಿ ಬರುವವಳಿಗೆ ಯಾಕೆ ಬಂದೀತು?
ಬಡಿದೆ. ಅಂಚು ಒಡೆದವು.
ಅವಳು ಒದ್ದೆ ಬೆರಳಿಂದ, ಎಲೆ ಕೂಡಿಸುವ ಹಾಗೆ, ಕೂಡಿಸಿದಳು.
(ಆ ಸಜ್ಜಿ ರೊಟ್ಟಿ ನಾವಿಬ್ಬರೂ ಎಂಟು ದಿನ ತಿಂದೆವು.
ಕೆಡಲಿಲ್ಲ.)

ತಿರುಗುವ ಬಸ್ಸು ಹತ್ತೂವರೆಗೆ.
ಚಾಂದಸಾಬ ಡಬ್ಬಿ ಎತ್ತಿ ಭಾರ ನೋಡಿದ,
ಏನೂ ಕೇಳಲಿಲ್ಲ.
ಡ್ರೈವರನ ಹಿಂದೆ ಇಡಲಿಲ್ಲ, ತನ್ನ ಸೀಟಿನ ಮೇಲಿಟ್ಟು
ಅಕ್ಕಲಕೋಟೆವರೆಗೆ ನಿಂತೇ ಹೋದನಂತೆ.