ಗೇಟು

ಎದೆ ಬಿಚ್ಚುವ ಮೊದಲು
ಹಲ್ಲು ಕೀಳಿಸಿಕೊಂಡು ಬಾ ಅಂದರು.
ಹುಳುಕು ಹಲ್ಲಿನ ಕೀವು ನೆತ್ತರಿಗಿಳಿದು
ಹೊಸ ಕವಾಟದ ಮೇಲೆ ಕೂರುತ್ತದಂತೆ.
ಮಂಗಳವಾರ ಎರಡು ದವಡೆ ಹಲ್ಲು ಹೋದವು.
ಇಪ್ಪತ್ತೆರಡು ವರ್ಷ ಊರಿಗೆ ಮೆಣಸಿನಕಾಯಿ ಕರಿದು ಕೊಟ್ಟವಳು
ಮೂರು ದಿನ ಗಂಜಿ ಕುಡಿದೆ.

ಒಳಗೊಂದು ಗೇಟಿದೆ, ಪೂರ್ತಿ ಮುಚ್ಚುತ್ತಿಲ್ಲ,
ಮುಂದೆ ಹೋದ ರಕ್ತ ಹಿಂದಕ್ಕೇ ಬರ್ತಿದೆ
ಎಂದು ಡಾಕ್ಟರು ಚೀಟಿಯ ಹಿಂದೆ ಗೀಚಿ ತೋರಿಸಿದಾಗ
ನನಗೆ ನಗು ಬಂತು.
ಅಶೋಕ ಟಾಕೀಸಿನ ರೈಲ್ವೆ ಗೇಟಿನ ಪಕ್ಕ ಗಾಡಿ ನನ್ನದು.
ಗೇಟು ಬಿದ್ದರೇ ವ್ಯಾಪಾರ.
ಹರಿಹರದ ಕಡೆಯ ಗೂಡ್ಸು ಎಳೆದಷ್ಟು ಹೊತ್ತೂ
ಬೈಕು ಆಫ್ ಮಾಡಿ ನಿಂತವರು
"ಅಕ್ಕಾ, ಒಂದು ಮಂಡಕ್ಕಿ, ಎರಡು ಮೆಣಸಿನಕಾಯಿ."
ಮುಚ್ಚದ ಗೇಟಿಂದ ಏನು ನಷ್ಟ ಅಂತ
ನನಗೆ ಚಿತ್ರ ಬರೆದು ಹೇಳಬೇಕೆ?

ಲೋಹದ್ದು ಹಾಕಿದರೆ ಟಿಕ್ ಟಿಕ್ ಅನ್ನುತ್ತೆ, ಸಾಯೋವರೆಗೂ ಗುಳಿಗೆ.
ಪ್ರಾಣಿಯದು ಹಾಕಿದರೆ ಸದ್ದಿಲ್ಲ,
ಹತ್ತು ಹದಿನೈದು ವರ್ಷಕ್ಕೆ ಮತ್ತೆ ಬಿಚ್ಚಬೇಕಾದೀತು.
"ಯಾವ ಪ್ರಾಣಿ?" ಅಂದರು ಅತ್ತೆ.
ಯಾರೂ ಬಾಯಿ ಬಿಡಲಿಲ್ಲ.
ಲೋಹದ್ದೇ ಇರಲಿ ಅಂದೆ.
ಬಕ್ಕೇಶಪ್ಪ, ಗಿರಣಿ ಮುಚ್ಚುವವರೆಗೂ
ಮಗ್ಗದ ಸದ್ದಲ್ಲಿ ನಿಂತು ಅರ್ಧ ಕಿವುಡಾದ ನನ್ನ ಗಂಡ,
"ಅದು ನಂಗೆ ಕೇಳ್ಸುತ್ತಾ?" ಅಂತಷ್ಟೇ ಕೇಳಿದ.

ಉಸಿರೆಳೆಯಲು ಡಬ್ಬಿ ಕೊಟ್ಟಿದ್ದಾರೆ, ಅದರಲ್ಲಿ ಮೂರು ಚೆಂಡು.
ಹಾಲೇಶ ಮೂರನ್ನೂ ಎತ್ತಿ ಮೀಸೆ ತಿರುವಿದ.
ನಾನು ಒಂದು, ಇನ್ನೊಂದು ಅರ್ಧ.
ಕೆಮ್ಮುವಾಗ ದಿಂಬು ಅಪ್ಪಿಕೊಳ್ಳಬೇಕಂತೆ, ಹೊಲಿಗೆ ಬಿಡದ ಹಾಗೆ;
ಈಗಿಂದಲೇ ಅಭ್ಯಾಸ ಮಾಡು ಅಂತ
ಮಗಳು ಕೂಸಿನ ದಿಂಬು ತಂದಿಟ್ಟಳು. ಹಾಲಿನ ವಾಸನೆ.

ರಕ್ತ ನಾಲ್ಕು ಬಾಟಲಿ ಹೊಂದಿಸಿ ಅಂದರು.
ಮಂಡಕ್ಕಿ ಭಟ್ಟಿಯ ದಾದಾಪೀರ್ ಇಬ್ಬರು ಅಳಿಯಂದಿರ ಸಮೇತ ಬಂದ,
"ಬಾಕಿ ಹಣ ಆಮೇಲೆ ನೋಡಾಣ, ಮೊದ್ಲು ಇದು" ಅಂತ.
ಅವ್ವನ ಬೆಂಡೋಲೆ ಜಗಳದಿಂದ ಒಂಬತ್ತು ವರ್ಷ
ಹೊಸಿಲು ತುಳಿಯದ ನನ್ನ ತಮ್ಮ
ಬಾಗಿಲಲ್ಲೇ ನಿಂತು, "ನಂದೂ ಅದೇ ಗುಂಪು" ಅಂದ.
ನೀರು ಕೊಟ್ಟೆ. ಕುಡಿದ.
ಬೆಂಡೋಲೆಯ ಮಾತು ಇಬ್ಬರೂ ಎತ್ತಲಿಲ್ಲ.

ಮೂಗುಬಟ್ಟು ಮಾತ್ರ ಹಟ ಹಿಡಿಯಿತು.
ಮದುವೆಗೆ ಹಾಕಿದ್ದು, ಚರ್ಮವೇ ಆಗಿಹೋಗಿತ್ತು.
ಮಂಡಿಪೇಟೆಯ ಮೌನೇಶಾಚಾರಿ ಎಣ್ಣೆ ಬಿಟ್ಟು, ಊದಿ,
ತಿರುಪು ಬಿಚ್ಚಿದಾಗ
ಕನ್ನಡಿಯಲ್ಲಿ ಯಾರೋ ಹುಡುಗಿ,
ಮೂಗಿನ ಮೇಲೆ ಸಾಸಿವೆಯಷ್ಟು ಕತ್ತಲೆ.
ತಾಳಿಯನ್ನು ಅತ್ತೆ ಕೈಚಾಚಿ ಇಸಿದುಕೊಂಡರು,
ತಮ್ಮ ಎಲೆಯಡಿಕೆ ಸಂಚಿಗೆ ಹಾಕಿ ದಾರ ಎಳೆದರು:
"ಇಲ್ಲಿರ್ಲಿ. ಇದನ್ಯಾರೂ ಮುಟ್ಟಲ್ಲ."

ಮಗಳಿಗೆ ಹೇಳಿದ್ದೇನೆ:
ಗೇಟಿನ ಗಂಟೆ ಬಡಿದ ಕೂಡಲೇ ಎಣ್ಣೆಗೆ ಬಿಡು,
ರೈಲು ದಾಟುವುದರೊಳಗೆ ಕೈಗೆ ಕೊಡು, ಆಮೇಲೆ ಯಾರೂ ನಿಲ್ಲಲ್ಲ.
ಓಂಕಾಳು ಚಿಟಿಕೆ ಕಮ್ಮಿಯೇ ಇರಲಿ.
ಉದ್ರಿ ಪುಸ್ತಕದಲ್ಲಿ ಗೆರೆ ಹೊಡೆದ ಹೆಸರುಗಳೆಲ್ಲ ಸತ್ತವರವು,
ಅವರ ಮನೆಗೆ ಕೇಳಲು ಹೋಗಬೇಡ.
ಅವಳು ತಲೆಯಾಡಿಸುತ್ತಾ ಬರೆದುಕೊಂಡಳು,
ಕೊನೆಯದನ್ನು ಬರೆಯಲಿಲ್ಲ.

ಒಂದನ್ನು ಮಾತ್ರ ಯಾರಿಗೂ ಹೇಳಿಲ್ಲ.
ಗಂಟೆಗಟ್ಟಲೆ ನಿಮ್ಮ ಹೃದಯ ನಿಲ್ಲಿಸಿರ್ತೀವಿ,
ಯಂತ್ರ ನೋಡಿಕೊಳ್ಳುತ್ತೆ ಅಂದರಲ್ಲ ಡಾಕ್ಟರು,
ಆಗ ನಾನು ಎಲ್ಲಿರ್ತೀನಿ ಸಾರ್ ಅಂತ ಕೇಳಿದೆ.
ಅವರು ಫೈಲಿನ ಹಾಳೆ ಮಗುಚಿದರು.

ನಾಳೆ ಬೆಳಗ್ಗೆ ಆರಕ್ಕೆ ಹೊರಡಬೇಕು.
ರಾತ್ರಿ ಎಚ್ಚರಾದರೆ ಪಕ್ಕ ಬರಿದು.
ನಡುಮನೆಯ ಗೋಡೆ ಗಡಿಯಾರ ಇಳಿಸಿ
ಎದೆಗವಚಿಕೊಂಡು ಕೂತಿದ್ದಾನೆ ಬಕ್ಕೇಶಪ್ಪ,
ಎಡಗಿವಿಗೆ ಹಿಡಿಯುತ್ತಾನೆ, ತಲೆ ಅಲ್ಲಾಡಿಸುತ್ತಾನೆ,
ಬಲಗಿವಿಗೆ ಹಿಡಿಯುತ್ತಾನೆ,
ಹಿಡಿದೇ ಇರುತ್ತಾನೆ.
ನಾನು ನೋಡುತ್ತಿರುವುದು ಕಂಡು ನಾಚಿ,
"ಈ ಕಡೆ ಕೇಳ್ಸುತ್ತೆ ಕಣೇ" ಅಂದ.
"ಬಂದ ಮೇಲೆ ನೀನು
ಗೋಡೆ ಪಕ್ಕ ಮಲಗು."