ಬೆವರುವ ನೆಲ

ಮಡಗಾಂವಿನ ಅಂಗಡಿಯವ ಬಣ್ಣದ ಚೀಟಿ ಹರವಿದ.
ಬೂದು ಸಾಕೆಂದೆ. ಬೂದಿನಲ್ಲೇ ಮೂರಿದ್ದವು:
ಪಾರಿವಾಳ, ಸ್ಲೇಟು,
ಇನ್ನೊಂದಕ್ಕೆ ಹೆಸರಿಲ್ಲ, ನಂಬರು ಮಾತ್ರ.
ಹೆಸರಿಲ್ಲದ್ದನ್ನೇ ಆರಿಸಿದೆ.

"ಎರಡು ಡಬ್ಬಿ ಬೆರೆಸಿದ ಮೇಲೆ ಅರ್ಧ ಗಂಟೆ ಅಷ್ಟೇ.
ಆಮೇಲೆ ಬಕೆಟ್ಟಿನಲ್ಲೇ ಕಲ್ಲು.
ಫೋನು ಬಂದರೂ ಎತ್ತಬೇಡಿ," ಅಂದ.

ಮೂರು ದಿನ ಕುಡ್ತರಿಯ ಗ್ಯಾರೇಜಿನ ನೆಲ ತಿಕ್ಕಿದೆವು
ನಾನೂ ಖಾಜೇಸಾಬನೂ.
ಹಳೇ ಸ್ಕೂಟರು ಹದಿನೇಳು ವರ್ಷ ತೊಟ್ಟಿಕ್ಕಿದ ಎಣ್ಣೆ
ಸೋಡಾಪುಡಿಗೆ ಬಗ್ಗಲಿಲ್ಲ, ಗ್ರೈಂಡರಿಗೆ ಬಗ್ಗಿತು.
ಸಿಮೆಂಟಿನ ಹಿಟ್ಟು ಅವನ ರೆಪ್ಪೆಯ ಮೇಲೆ, ಮೀಸೆಯ ಮೇಲೆ;
"ಒಂದ ದಿನಕ್ಕ ಮುದುಕ ಆದೆ ನೋಡ್ರಿ," ಅಂದ.

ಇನ್ನೊಂದು ಪರೀಕ್ಷೆ ಉಳಿದಿತ್ತು.
ಮೊಳದುದ್ದ ಪ್ಲಾಸ್ಟಿಕ್ಕು, ನಾಲ್ಕೂ ಅಂಚಿಗೆ ಟೇಪು,
ರಾತ್ರಿಯಿಡೀ ನೆಲಕ್ಕೆ ಅಂಟಿಸಿ ಬಿಟ್ಟೆ.

ಬೆಳಿಗ್ಗೆ ಒಳಮೈಯೆಲ್ಲ ಹನಿ,
ಅನ್ನದ ಪಾತ್ರೆಯ ಮುಚ್ಚಳದ ಹಾಗೆ.

ಪಕ್ಕದ ಮನೆಯ ಶೆವಂತಿಬಾಯಿ ಬಗ್ಗಿ ನೋಡಿದಳು.
ಕೊಂಕಣಿಯಲ್ಲಿ, ಯಾರಿಗೂ ಅಲ್ಲದ ಹಾಗೆ:
"ಇಲ್ಲೊಂದು ಬಾವಿ ಇತ್ತು.
ನನ್ನ ಕೊಡ ಅದರಲ್ಲೇ ಉಳಿಯಿತು.
ಮುಚ್ಚುವ ಮೊದಲು ಒಂದು ಮಾತು ಹೇಳಬಾರದಿತ್ತೆ?"

ಡಬ್ಬಿಗಳು ಮೂಲೆಯಲ್ಲಿವೆ
ಬೇರೆ ಬೇರೆ, ಮುಚ್ಚಳ ಬಿಗಿದು.
ಖಾಜೇಸಾಬ ಕೂಲಿ ಎಣಿಸಿಕೊಂಡು, ಮತ್ತ ಯಾವಾಗ, ಅಂದ.
ಫೆಬ್ರುವರಿಗೆ ನೋಡೋಣ, ಅಂದೆ,
ಫೆಬ್ರುವರಿ ನನ್ನ ಕೈಯಲ್ಲಿದ್ದ ಹಾಗೆ.

ಅವನು ಹೋದ ಮೇಲೆ ಪ್ಲಾಸ್ಟಿಕ್ಕು ಕಿತ್ತೆ.
ಒದ್ದೆಯ ಚೌಕ ಅಂಚಿನಿಂದ ಆರುತ್ತ ಬಂತು.
ಪೂರ್ತಿ ಆರುವ ಮೊದಲು ಅಂಗೈ ಇಟ್ಟೆ.
ತಣ್ಣಗಿತ್ತು.

ಸ್ಕೂಟರನ್ನು ಇವತ್ತೂ ಹೊರಗೇ ನಿಲ್ಲಿಸಿದೆ.